ನಾಲ್ಕನೆಯ ಬಟ್ಟೆ

ನಮ್ಮೂರಲ್ಲಿ ಒಬ್ಬರು ಉಟ್ಟುಬಿಟ್ಟ ಬಟ್ಟೆಯನ್ನು ಇನ್ನೊಬ್ಬರು ಹಾಕಿಕೊಳ್ಳಬಹುದು, ಮೂರರ ತನಕ. ನಾಲ್ಕು ಕೂಡದು. ಲಂಗ, ಕುಪ್ಪಸ, ದುಪಟ್ಟಾ, ಅಲ್ಲಿಗೆ ನಿಲ್ಲಿಸಬೇಕು. ಅದರ ಮೇಲೆ ಅದೇ ಹೆಂಗಸಿನ ಸ್ವೆಟರನ್ನೂ ಏರಿಸಿಕೊಂಡರೆ ನೀವು ಅವಳೇ. ಚಪ್ಪಲಿ, ಬಳೆ, ಕೊಡೆ ಲೆಕ್ಕಕ್ಕಿಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲ ಎನ್ನುತ್ತಾರೆ, ನಾನು ಹೋಗಿ ನೋಡಿಲ್ಲ. ಇಲ್ಲಿ ಹೆಂಗಸರು ಬೀದಿಯಲ್ಲಿ ಎದುರಾದರೆ ಊಟ ಆಯ್ತಾ ಎಂದು ಕೇಳುವುದಿಲ್ಲ. “ನಾಲ್ಕಾಗಿಲ್ಲ ತಾನೇ?” ಎಂದು ಕೇಳಿ ಒಬ್ಬರ ಕಾಲರನ್ನು ಇನ್ನೊಬ್ಬರು ಮಗುಚಿ ನೋಡುತ್ತಾರೆ. ಅಕ್ಕತಂಗಿಯರಿರುವ ಮನೆಗಳಲ್ಲಿ ತಾಯಂದಿರು ಮೈಮೇಲಿನ ಬಟ್ಟೆ ಎಣಿಸಿಯೇ ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಪಕ್ಕದ ಹುಡುಗಿ, ಜ್ವರ ಬಂದು ಮಲಗಿದ್ದ ಅಕ್ಕನ ನಾಲ್ಕು ಬಟ್ಟೆ ಹಾಕಿಕೊಂಡು ಬಂದು ಏಳನೇ ಕ್ಲಾಸಿನಲ್ಲಿ ಕೂತಿದ್ದಳು. ಮೇಷ್ಟರು ಅವಳನ್ನು ಅಕ್ಕನ ಹೆಸರಿನಿಂದಲೇ ಕರೆದು ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದರು. ಮಧ್ಯಾಹ್ನ ಸೆಕೆಯಾಗಿ ಸ್ವೆಟರ್ ಬಿಚ್ಚಿದಳು. “ನೀನ್ಯಾಕೆ ಬಂದೆ ಇಲ್ಲಿ?” ಎಂದು ಅದೇ ಮೇಷ್ಟರು ಕಿವಿ ಹಿಂಡಿ ಓಡಿಸಿದರು. ಇಷ್ಟೇ ವಿಷಯ. ಇದರಲ್ಲಿ ಹೆದರುವಂಥದ್ದೇನೂ ಇಲ್ಲ ಎಂದುಕೊಂಡೇ ನಾನು ದೊಡ್ಡವಳಾದೆ.

ಹಳೆಯ ಬಸ್ ಡಿಪೋದ ತಗಡಿನ ಸೂರಿನಡಿ ಬಿಡಿ ಬಜಾರು ಇದೆ. ಸತ್ತವರ ಬಟ್ಟೆ, ಊರು ಬಿಟ್ಟವರ ಬಟ್ಟೆ, ದಪ್ಪಗಾದವರ ಬಟ್ಟೆ ಎಲ್ಲ ಗಂಟುಗಂಟಾಗಿ ಅಲ್ಲಿಗೆ ಬರುತ್ತವೆ. ಆ ಗಂಟು ಬಿಡಿಸುವುದು ನನ್ನ ಕೆಲಸ. ಅಂಗಡಿ ಜೈನಬಕ್ಕನದು. ಒಬ್ಬರ ಬಟ್ಟೆಗೆ ಒಂದು ಬಣ್ಣದ ದಾರ ಎಂದು ಅವಳು ಗೊತ್ತು ಮಾಡುತ್ತಾಳೆ. ಪ್ರತಿ ಬಟ್ಟೆಯ ಕತ್ತಿನ ಒಳಗೋ ಸೊಂಟದ ಪಟ್ಟಿಯ ಒಳಗೋ ಆ ದಾರದಿಂದ ಮೂರು ಹೊಲಿಗೆ ಹಾಕಬೇಕು. ಆಮೇಲೆ ಲಂಗ ಒಂದು ಅಂಗಡಿಗೆ, ಷರ್ಟು ಇನ್ನೊಂದಕ್ಕೆ, ಸೀರೆ ಡಿಪೋದ ಆ ಮೂಲೆಗೆ ಹೀಗೆ ಚೆದುರಿಸಬೇಕು. ಕೊಳ್ಳುವವರು ದಾರದ ಬಣ್ಣ ನೋಡಿ ಎಣಿಸಿಕೊಳ್ಳುತ್ತಾರೆ. ಗುರುತಿಲ್ಲದ ಬಟ್ಟೆ ಕೊಳ್ಳಬೇಡಿ ಎಂದು ನಾನೇ ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ.

ಹೀಗಾಗಿ ಊರಲ್ಲಿ ಯಾರದ್ದೂ ಒಂದಕ್ಕೊಂದು ಹೊಂದುವ ಉಡುಪಲ್ಲ. ಆದರೆ ಉಳಿದವರು ಹೆದರಿ ಹಾಗೆ ಉಡುತ್ತಿದ್ದರು, ನಾನು ಖುಷಿಗೆ ಉಡುತ್ತಿದ್ದೆ. ನನ್ನನ್ನು ಸಾಕಿದ ಚಿಕ್ಕಮ್ಮನಿಗೆ ಬಟ್ಟೆಯೆಂದರೆ ಮೈ ಮುಚ್ಚುವ ಸಾಮಾನು. ಕೊಳೆ ಕಾಣದ ಬಣ್ಣ ಎಂದು ಬೂದಿ ಮತ್ತು ಕಂದು ಬಿಟ್ಟು ಬೇರೇನೂ ಅವಳು ನನಗೆ ಹೊಲಿಸಲಿಲ್ಲ. ಬಜಾರಿನ ಕೆಲಸ ಸಿಕ್ಕ ಮೇಲೆ ನನಗೆ ಕಣ್ಣು ಬಂತು. ಗಂಡಸರ ಪಟ್ಟೆ ಪಟ್ಟೆ ಷರ್ಟನ್ನು ಸೊಂಟಕ್ಕೆ ಕತ್ತರಿಸಿ ಲಂಗದ ಮೇಲೆ ಹಾಕಿದೆ. ಕಂಬಳಿಯ ಅಂಚು ಬಿಚ್ಚಿ ಬೆಲ್ಟು ಮಾಡಿದೆ. ಒಂದು ಅಂಗಿಗೆ ಐದು ಗುಂಡಿಯಿದ್ದರೆ ಐದೂ ಬೇರೆ ಬೇರೆ ಹಾಕುವುದು ನನ್ನ ಚಾಳಿ: ಒಂದು ಚಿಪ್ಪಿನದು, ಒಂದು ಹಿತ್ತಾಳೆಯದು, ಒಂದು ಪೊಲೀಸ್ ಕೋಟಿನದು. ಎಲ್ಲ ಅಗ್ಗದ ಮಾಲು. ಒಂದು ಸಿನಿಮಾ ಟಿಕೆಟ್ಟಿನ ದುಡ್ಡಿಗೆ ನಾನು ತಲೆಯಿಂದ ಕಾಲಿನವರೆಗೆ ಹೊಸಬಳಾಗುತ್ತಿದ್ದೆ.

ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಜೊತೆಗಾರ್ತಿ ಶಶಿರೇಖಾ. ಔಷಧಿ ಅಂಗಡಿಯಲ್ಲಿ ಕೆಲಸ. ದಿನಾ ಬೆಳಗ್ಗೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಒಂದು ಸುತ್ತು ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ.

“ಏನೇ ವಾರಿ, ಇವತ್ತು ಸರ್ಕಸ್ಸಾ, ಬ್ಯಾಂಡ್‌ಸೆಟ್ಟಾ?”

“ಎರಡೂ. ಬೆಳಗ್ಗೆ ಬ್ಯಾಂಡು, ಸಾಯಂಕಾಲ ಸರ್ಕಸ್ಸು.”

“ನಾಲ್ಕಾಗಿಲ್ಲ ತಾನೇ? ತೋರ್ಸು ಕಾಲರು. ಅಯ್ಯೋ, ಗುರುತೇ ಇಲ್ವಲ್ಲೇ!”

“ಕತ್ತರಿಸಿದೆ. ಒಳ್ಳೇ ಅಂಗಿ ಕತ್ತಲ್ಲಿ ಆ ದಾರ ಇಣುಕ್ತಿದ್ರೆ ಬೋಳುತಲೇಲಿ ಹೇನು ಹರಿದಾಡ್ದಂಗೆ ಕಾಣುತ್ತೆ.”

ತಪ್ಪು ಮಾಡಿದ್ದು ಇಲ್ಲೇ. ಗಿರಾಕಿಗಳಿಗೆ ಹೇಳುವುದನ್ನು ನಾನು ಪಾಲಿಸಲಿಲ್ಲ. ಗಂಟು ಬಿಡಿಸುವವಳು ನಾನೇ, ಯಾವುದು ಎಲ್ಲಿಂದ ಬಂತು ಎಂದು ನನಗೆ ಗೊತ್ತಿರುವುದಿಲ್ಲವೇ ಎಂಬ ಧಿಮಾಕು. ದಿನಕ್ಕೆ ಮುನ್ನೂರು ಬಟ್ಟೆ ಕೈಮೇಲೆ ಹಾಯಿಸುವವಳಿಗೆ ಏನು ನೆನಪಿರುತ್ತದೆ, ಮಣ್ಣು. ಜೈನಬಕ್ಕ ಎರಡು ಸಲ ಬೈದಳು. “ಬೇಟಿ, ಈ ದಾರ ಅಂದಕ್ಕೆ ಹಾಕಿದ್ದಲ್ಲ. ಡಾಕ್ಟ್ರು ಹಾಕಿದ ಹೊಲಿಗೇನೂ ಹಿಂಗೇ ಕಿತ್ಕೋತೀಯ ನೀನು?” ಎಂದಳು. ನಗಿಸಲು ಹೇಳಿದಳು ಎಂದುಕೊಂಡು ನಕ್ಕೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಟ್ರಂಕಿನಲ್ಲಿ ಜಾಗ ಸಾಲದೆ, ಚಿಕ್ಕಮ್ಮ ಹೊಲಿಸಿದ್ದ ನನ್ನ ಬೂದಿ ಕಂದು ಬಟ್ಟೆಗಳನ್ನೆಲ್ಲ ಒಂದು ದಿನ ತಂದು ಬಜಾರಿನ ರಾಶಿಗೆ ಸುರಿದೆ. ನನ್ನವೇ ತಾನೇ ಎಂದು ದಾರ ಹಾಕಲಿಲ್ಲ, ಚೆದುರಿಸಲೂ ಇಲ್ಲ. ಅವನ್ನು ಯಾರು ಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದೂ ಇರಲಿಲ್ಲ.

ಆ ತಿಂಗಳು ನನಗೆ ಸಿಕ್ಕಿದ್ದೆಲ್ಲ ಬಂಗಾರ. ಮೊದಲು ಒಂದು ಸಾಸಿವೆ ಬಣ್ಣದ ಲಂಗ, ಅಂಚಿನಲ್ಲಿ ಯಾರೋ ಕೈಯಾರೆ ಹೊಲಿದ ಪುಟ್ಟ ಪುಟ್ಟ ಮೀನುಗಳು. ಒಂದು ಮೀನು ಮಾತ್ರ ಹಿಂದುಮುಂದಾಗಿ ಈಜುತ್ತಿತ್ತು. ವಾರ ಕಳೆದು ಡಿಪೋದ ಇನ್ನೊಂದು ತುದಿಯ ಅಂಗಡಿಯಲ್ಲಿ ನೇರಳೆ ಪಟ್ಟೆಯ ಷರ್ಟು. ಅದರ ಒಂದು ತೋಳು ಉದ್ದ, ಒಂದು ಗಿಡ್ಡ, ಬೇಕೆಂದೇ ಹಾಗೆ ಮಾಡಿದ್ದು. ಆಮೇಲೆ ನೀಲಿ ಚೌಕಳಿಯ ದುಪಟ್ಟಾ, ಕುಚ್ಚಿನ ಬದಲು ಹಳೇ ಬೀಗದಕೈಗಳು. ನಡೆದರೆ ಗೆಜ್ಜೆಯಂತೆ ಸದ್ದು. ಮೂರರಿಂದಲೂ ಗುರುತು ಕತ್ತರಿಸಿ ತೆಗೆದೆ. ದಾರದ ಬಣ್ಣ ಏನಿತ್ತು ಎಂದು ನೋಡಲೂ ಇಲ್ಲ.

ನಾಲ್ಕನೆಯದು ಒಂದು ಸೋಮವಾರ ಜೈನಬಕ್ಕನ ಅಂಗಡಿಯ ಎದುರಿನ ಕಂಬಕ್ಕೆ ಒಂಟಿಯಾಗಿ ನೇತಾಡುತ್ತಿತ್ತು. ತುಕ್ಕು ಬಣ್ಣದ, ತೋಳಿಲ್ಲದ ಸ್ವೆಟರ್. ಐದು ಗುಂಡಿ. ಒಂದು ಚಿಪ್ಪಿನದು, ಒಂದು ಹಿತ್ತಾಳೆಯದು, ಒಂದು ಪೊಲೀಸ್ ಕೋಟಿನದು. ಕತ್ತಿನ ಒಳಗೆ ಗುರುತಿರಲಿಲ್ಲ. ಹಾದಿಯಲ್ಲಿ ನಡೆಯುವಾಗ ಯಾವುದೋ ಗೋಡೆಯ ಮೇಲೆ ನಮ್ಮದೇ ಕೈಬರಹ ಕಂಡರೆ ಹೇಗಾಗಬೇಕೋ ಹಾಗಾಯಿತು ನನಗೆ. ಬುದ್ಧಿಯಿದ್ದವಳು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ನಾನು ಅಲ್ಲೇ ನಿಂತು ಹಾಕಿಕೊಂಡೆ, ಅವತ್ತು ಮೈಮೇಲಿದ್ದ ಆ ಷರ್ಟಿನ ಮೇಲೆ, ಆ ಲಂಗದ ಮೇಲೆ, ಆ ದುಪಟ್ಟಾದ ಕೆಳಗೆ.

ಹೂವಿನ ಚಂದ್ರಮ್ಮ ನನ್ನನ್ನು ನೋಡಿದವಳೇ ಮೊಳ ಅಳೆಯುವುದು ಬಿಟ್ಟು ಎದ್ದುನಿಂತಳು. “ಗುಲಾಬೀ! ಎಲ್ಲಿ ಸತ್ತಿದ್ಯೇ ಇಷ್ಟು ದಿನ?” ಎಂದು ಒಂದು ಮೊಳ ಸೇವಂತಿಗೆ ನನ್ನ ತಲೆಗೆ ತಾನೇ ಮುಡಿಸಿದಳು. ವರ್ಷಗಟ್ಟಲೆ ಅವಳ ಮುಂದೆಯೇ ಓಡಾಡಿದ್ದೇನೆ, ಒಂದು ಸಲವೂ ಮುಖ ಎತ್ತಿ ನೋಡಿದವಳಲ್ಲ. ಹೋಟೆಲಿನವನು ಕೇಳದೆಯೇ ಖಾಲಿ ದೋಸೆ ತಂದಿಟ್ಟು, “ನಿಮಗೆ ಅಂತ ಚಟ್ನಿಗೆ ಬೆಳ್ಳುಳ್ಳಿ ಹಾಕಿಲ್ಲ ಅಕ್ಕ,” ಎಂದ. ಬಸ್ಸಿನ ಕಂಡಕ್ಟರು ನಾನು ಹತ್ತಿದ್ದೇ ತಡ ಸೀಟಿ ಊದಿ ಇಡೀ ಬಸ್ಸಿಗೆ ಕೇಳುವ ಹಾಗೆ, “ಏಯ್, ಮೀನಿನ ಲಂಗ ಬಂತು, ಜಾಗ ಬಿಡ್ರೋ!” ಎಂದ. ಏನಾಗಿದೆ ಎಂದು ನನಗೆ ಚಂದ್ರಮ್ಮನ ಹತ್ತಿರವೇ ಗೊತ್ತಾಗಿತ್ತು. ಸುಳ್ಳು ಹೇಳುವುದಿಲ್ಲ, ಸ್ವೆಟರ್ ಬಿಚ್ಚಲಿಲ್ಲ. ಬಿಚ್ಚಿದರೆ ಮುಗಿಯಿತಲ್ಲ, ಸಂಜೆ ತನಕ ಇರಲಿ ಎಂದುಕೊಂಡೆ. ಊರು ನನ್ನನ್ನು ನೋಡಿ ಮುಖ ಅರಳಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಐದು ಗಂಟೆಗೆ ಹಾಸ್ಟೆಲ್ಲಿನ ಗೇಟಿನ ಹತ್ತಿರ ಸ್ವೆಟರ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದೆ. ವಾರ್ಡನ್ ಕಮಲಾಕ್ಷಮ್ಮ ಕೈ ಅಡ್ಡ ಇಟ್ಟರು.

“ಯಾರು ಬೇಕಿತ್ತಮ್ಮ?”

“ನಾನು ಮೇಡಂ, ವಾರಿಜ. ಹನ್ನೊಂದನೇ ನಂಬರು.”

“ವಾರಿಜ ಆಗ್ಲೇ ಬಂದು ಮೇಲೆ ಹೋದ್ಲಲ್ಲ. ನೀನ್ಯಾರು?”

ತಮಾಷೆ ಎಂದುಕೊಂಡು ಅವರನ್ನು ಸರಿಸಿ ಮೇಲೆ ಓಡಿದೆ. ಕೋಣೆಯ ಬಾಗಿಲು ತೆಗೆದಿತ್ತು. ನನ್ನ ಮಂಚದ ಮೇಲೆ ಒಬ್ಬ ಹೆಂಗಸು ಕಾಲು ಮಡಚಿ ಕೂತು ಶಶಿರೇಖಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಬೂದಿ ಬಣ್ಣದ ಚೂಡಿದಾರ್, ಅದೇ ಬಣ್ಣದ ಪ್ಯಾಂಟು, ಕಂದು ದುಪಟ್ಟಾ, ಕಂದು ಸ್ವೆಟರ್. ನಾಲ್ಕೂ ನನ್ನವು. ಒಂದು ಗಳಿಗೆ ನನಗೇ ಅದು ನಾನೇ ಎನ್ನಿಸಿತು. ಓಹೋ ವಾರಿಜ ಇಲ್ಲಿದ್ದಾಳೆ, ಹಾಗಾದರೆ ಸರಿ ಎಂಬಂಥ ಒಂದು ನೆಮ್ಮದಿ. ಆಮೇಲೆ ಕಂಕುಳಲ್ಲಿದ್ದ ಸ್ವೆಟರನ್ನು ನೋಡಿದೆ.

“ಯಾರ್ ಬೇಕು?” ಎಂದಳು ಶಶಿರೇಖಾ. ಔಷಧಿ ಅಂಗಡಿಯ ಕಟ್ಟೆಯ ಹಿಂದೆ ನಿಂತು ಗಿರಾಕಿಗಳನ್ನು ಕೇಳುವ ದನಿ.

“ಶಶಿ, ನಾನು ಕಣೇ. ಬೆಳಗ್ಗೆ ಸರ್ಕಸ್ಸಾ ಬ್ಯಾಂಡಾ ಅಂತ ಕೇಳ್ದೆ ನೀನು.”

“ಅದನ್ನ ನಾನು ಕೇಳಿದ್ದು ಇವಳನ್ನ,” ಎಂದು ಅವಳು ಹೆಗಲ ಮೇಲಿಂದ ಹಿಂದಕ್ಕೆ ಬೆರಳು ತೋರಿಸಿದಳು. “ವಾರಿ, ಯಾರೇ ಇದು? ನಿಮ್ಮ ಬಜಾರಿನವರಾ?”

ಎಣ್ಣೆ ಹಚ್ಚುತ್ತಿದ್ದವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, “ಗೊತ್ತಿಲ್ಲಪ್ಪ,” ಎಂದಳು.

ಕಮಲಾಕ್ಷಮ್ಮ ಹಿಂದಿನಿಂದ ಬಂದು ರಟ್ಟೆ ಹಿಡಿದು ಇಳಿಸಿಕೊಂಡು ಹೋದರು. ಆಗ ಅರ್ಥವಾಯಿತು. ಆ ಶಾಲೆಯ ಹುಡುಗಿ ಸ್ವೆಟರ್ ಬಿಚ್ಚಿದಾಗ ವಾಪಸು ಬರಲು ಅವಳ ಜಾಗ ಖಾಲಿಯಿತ್ತು. ನನ್ನ ಜಾಗದಲ್ಲಿ ಜನ ಕೂತಿದ್ದಾರೆ.

ಬಜಾರಿಗೆ ಓಡಿದೆ. ಜೈನಬಕ್ಕ ಅಂಗಡಿ ಮುಚ್ಚುತ್ತಿದ್ದಳು. ನಾನು ವಾರಿಜ ಎಂದರೆ ನಕ್ಕಳು. “ವಾರಿಜ ಆಗ್ಲೇ ಹೋದ್ಲು. ಇವತ್ತು ಒಂದು ಗುರುತೂ ಬಿಡ್ದೆ ಹಾಕಿದ್ಲು, ನಂಗೇ ಆಶ್ಚರ್ಯ.” ಕೈಯಲ್ಲಿದ್ದ ಸ್ವೆಟರನ್ನು ಅವಳ ಮುಂದೆ ಹಿಡಿದೆ. “ಅಯ್ಯೋ, ಇದು ಗುಲಾಬೀದಲ್ವಾ! ಎರಡು ವರ್ಷದಿಂದ ಒಂದೊಂದೇ ತಂದು ಮಾರ್ತಿದ್ಲು ಪಾಪ. ಅವಳಿಗೆ ಅಂತ ಕೆಂಪು ಹಸಿರು ಎರಡೆಳೆ ದಾರ ಇಟ್ಟಿದ್ದೆ. ಬಂದಾಗಲೆಲ್ಲ ಕೇಳೋಳು, ಜೈನಬಕ್ಕ ನನ್ನ ಲಂಗ ಯಾರು ತಗೊಂಡ್ರು, ನನ್ನ ಷರ್ಟು ಯಾರು ತಗೊಂಡ್ರು ಅಂತ. ನಮ್ಮ ವಾರಿಜಾನೇ ಕಣೇ ಅಂತ ಹೇಳ್ದೆ. ಎಷ್ಟ್ ಖುಷಿಪಟ್ಲು ಗೊತ್ತಾ.”

ನನ್ನ ಮಂಚ ಹೋಯಿತು, ಕೆಲಸ ಹೋಯಿತು, ವಾರೀ ಎಂದು ಕರೆಯುವ ಒಂದೇ ಒಂದು ಬಾಯಿ ಇತ್ತು, ಅದೂ ಹೋಯಿತು. ಬೆಳಗಿನ ಖಾಲಿ ದೋಸೆ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮೂರು ಬಟ್ಟೆಯಲ್ಲಿ ನಾನು ಯಾರೂ ಅಲ್ಲ. ಯಾರೂ ಅಲ್ಲದವಳಿಗೆ ಹೋಟೆಲಿನವನು ದುಡ್ಡು ಮುಂಚೆ ಇಡು ಎನ್ನುತ್ತಾನೆ, ದುಡ್ಡಿನ ಚೀಲ ಹಾಸ್ಟೆಲ್ಲಿನಲ್ಲಿತ್ತು. ಹಸಿವಾಗಿತ್ತು. ಸ್ವೆಟರ್ ಹಾಕಿಕೊಂಡೆ.

ಹತ್ತು ಹೆಜ್ಜೆ ಹೋಗಿಲ್ಲ, ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಒಬ್ಬ ಗಂಡಸು ನಿಂತ. ನಲವತ್ತರ ಆಜುಬಾಜು, ಸಾಧು ಮುಖ. “ಬಾ, ಹೋಗೋಣ. ಅಮ್ಮಂಗೆ ಮಾತ್ರೆ ಟೈಮಾಯ್ತು,” ಎಂದ. ಅವನ ಹೆಸರು ನೀಲಕಂಠ ಎಂದು ಆಮೇಲೆ ಬಾಗಿಲ ಮೇಲಿನ ಹಲಗೆ ಓದಿ ತಿಳಿದೆ.

ಆ ಮನೆಯಲ್ಲಿ ನೀಲಕಂಠ, ಅವನ ತಮ್ಮ, ತಾಯಿ ಪುಟ್ಟತಾಯಮ್ಮ. ಗುಲಾಬಿ ಮನೆ ಬಿಟ್ಟು ಇಪ್ಪತ್ತು ದಿನವಾಗಿತ್ತಂತೆ. ಸಿಂಕಿನಲ್ಲಿ ಅಷ್ಟೂ ದಿನದ ಪಾತ್ರೆ ಇತ್ತು. ಎಲ್ಲಿಗೆ ಹೋಗಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ನಾನು ಉತ್ತರ ಹೊಂದಿಸಿಕೊಂಡು ಹೋಗಿದ್ದೆ, ಅದು ಬಾಯಲ್ಲೇ ಉಳಿಯಿತು. “ಬಂದ್ಯಾ? ಹಾಲು ಒಡೆದೋಗಿದೆ ನೋಡು,” ಎಂದಳು ಪುಟ್ಟತಾಯಮ್ಮ. ಬೈಗುಳವಿಲ್ಲ, ಹೊಡೆತವಿಲ್ಲ. ಕಾಫಿ ಕುಡಿದು ಲೋಟವನ್ನು ಕೂತ ಕಡೆಯೇ ಬಿಡುತ್ತಿದ್ದರು, ಅಷ್ಟೆ. ಕೂಗಿದಾಗ ನಾನು ಬಾಗಿಲಿಗೆ ಬಂದು ನಿಂತರೆ ಅವರ ಕಣ್ಣು ನನ್ನ ಲಂಗದ ಮೀನುಗಳ ತನಕ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಮೂರನೇ ದಿನ ನಾನು ಮೂಗಿಗೆ ಕರಿ ಬಳಿದುಕೊಂಡು ಹೋಗಿ ಅನ್ನ ಬಡಿಸಿದೆ. “ಸಾರಿಗೆ ಉಪ್ಪು ಕಮ್ಮಿ,” ಎಂದ ತಮ್ಮ.

ನಾಲ್ಕನೇ ದಿನ ತರಕಾರಿ ತರುವ ನೆಪದಲ್ಲಿ ಬಜಾರಿಗೆ ಹೋದೆ. ಮಧ್ಯಾಹ್ನದ ಬಿಸಿಲಲ್ಲಿ ಡಿಪೋದ ಮೆಟ್ಟಿಲ ಮೇಲೆ ನನ್ನ ಬೂದಿ ಬಟ್ಟೆಯಲ್ಲೇ ಗುಲಾಬಿ ಕೂತು ನನ್ನ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದಳು. ನನ್ನನ್ನು ನೋಡಿ ಸರಿದು ಜಾಗ ಬಿಟ್ಟಳು.

“ಕೂತ್ಕೋ. ಅತ್ತೆ ಮಂಡಿನೋವು ಹೆಂಗಿದೆ?”

“ನನ್ನ ಬಟ್ಟೆ ಕೊಡು.”

“ಕೊಡಲ್ಲ,” ಎಂದಳು, ಉಪ್ಪಿನಕಾಯಿ ಕೇಳಿದರೆ ಹೇಳುವಷ್ಟು ಸಲೀಸಾಗಿ. “ನೋಡಮ್ಮ, ಹನ್ನೆರಡು ವರ್ಷ ಆ ಮನೇಲಿ ಇದ್ದೆ. ಮೊದಮೊದಲು ಸುಮ್ನೆ ಉಡ್ತಿದ್ದೆ. ಆಮೇಲೆ ಲಂಗಕ್ಕೆ ಮೀನು ಹೊಲ್ದೆ, ಯಾರಾದ್ರೂ ಏನೇ ಇದು ಅಂತಾರೇನೋ ಅಂತ. ಊರೆಲ್ಲ ಅಂತು, ಮನೇಲಿ ಅನ್ಲಿಲ್ಲ. ಒಂದು ಮೀನು ತಿರುಗಿಸಿ ಹೊಲ್ದೆ. ಊಹೂಂ. ದುಪಟ್ಟಾಗೆ ಬೀಗದಕೈ ಕಟ್ಟಿಕೊಂಡು ಓಡಾಡ್ದೆ, ಸದ್ದು ಕೇಳಿ ಕಾಫಿ ಬಂತು ಅಂದ್ಕೊಂಡ್ರು. ಸಾಕಾಯ್ತು. ಒಂದೊಂದೇ ಮಾರ್ತಾ ಬಂದೆ. ಯಾರಾದ್ರೂ ನಾಲ್ಕು ಹಾಕ್ಕೊಂಡ್ರೆ ನಾನು ಬಿಟ್ಟುಹೋಗಬಹುದಲ್ಲ. ಯಾರೂ ಹಾಕ್ಕೊಳ್ಳಲಿಲ್ಲ, ಎಲ್ರೂ ಗುರುತು ನೋಡೋರೇ. ನಿನ್ನ ಅಂಗಿ ಗುಂಡಿ ನೋಡ್ದೆ ನೋಡು, ಇವಳು ಸಿಗ್ತಾಳೆ ಅಂತ ಅವತ್ತೇ ಗೊತ್ತಾಯ್ತು.”

“ಆ ಸ್ವೆಟರ್ ನೀನೇ ನೇತು ಹಾಕಿದ್ದಾ?”

“ಗುಂಡಿ ಹಾಕಿದ್ದೂ ನಾನೇ. ನಿಂದು ನೋಡ್ಕೊಂಡು.”

ಕೈಯಲ್ಲಿದ್ದ ತರಕಾರಿ ಚೀಲ ಕೆಳಗೆ ಬಿತ್ತು. ಅವಳ ಕಂದು ಸ್ವೆಟರಿಗೆ ಕೈ ಹಾಕಿ ಎಳೆದೆ. ಅವಳು ಎಳೆದುಕೊಳ್ಳಲಿಲ್ಲ, ಕೂಗಿದಳು ಅಷ್ಟೆ: “ಶಶೀ!” ಡಬ್ಬಿ ಊಟಕ್ಕೆಂದು ಇತ್ತ ಬರುತ್ತಿದ್ದ ಶಶಿರೇಖಾ ಓಡಿಬಂದು ನನ್ನ ಎದೆಗೆ ಎರಡೂ ಕೈ ಇಟ್ಟು ತಳ್ಳಿದಳು. ಮೆಟ್ಟಿಲ ಮೇಲೆ ಬಿದ್ದೆ.

“ಏನ್ ಹೆಂಗ್ಸಮ್ಮ ನೀನು, ಹಾಡಹಗಲೇ! ವಾರಿ, ಏಟಾಯ್ತೇನೇ?”

“ಇಲ್ಲ ಕಣೇ. ಬಿಡು, ಪಾಪ,” ಎಂದಳು ಗುಲಾಬಿ. ಆಮೇಲೆ ಬಗ್ಗಿ, ಉರುಳಿದ್ದ ಬದನೆಕಾಯಿ ಹೆಕ್ಕಿ ನನ್ನ ಚೀಲಕ್ಕೆ ಹಾಕುತ್ತ ಕಿವಿಯ ಹತ್ತಿರ ಹೇಳಿದಳು: “ಈ ಬೂದಿ ಬಣ್ಣ ಎಷ್ಟ್ ಹಾಯಾಗಿದೆ ಗೊತ್ತಾ? ಒಬ್ಬ ನನ್ಮಗ ತಿರುಗಿ ನೋಡಲ್ಲ. ಬೆಳಗ್ಗೆ ಎದ್ದು ಒಂದು ಲೋಟ ತೊಳೀತೀನಿ. ಒಂದೇ ಒಂದು.”

ಶಶಿರೇಖಾ ಅವಳ ಸ್ವೆಟರಿನ ಧೂಳು ಕೊಡವಿ, ಕತ್ತಿನ ಹತ್ತಿರ ಸರಿಮಾಡಿ, ಹೆಗಲ ಮೇಲೆ ಕೈ ಹಾಕಿಕೊಂಡು ಹೋದಳು. ನಾನು ನೋಡುತ್ತ ಕೂತೆ. ನನ್ನ ಧೂಳನ್ನು ಅವಳು ಒಂದು ದಿನವೂ ಕೊಡವಿರಲಿಲ್ಲ. ಕೊಡವುವ ಹಾಗೆ ನಾನು ಪಕ್ಕದಲ್ಲಿ ನಿಂತದ್ದೂ ನೆನಪಿಲ್ಲ. ಯಾವಾಗಲೂ ಬಾಗಿಲಲ್ಲಿ ಸುತ್ತು ತಿರುಗಿ ಹೊರಟುಬಿಡುತ್ತಿದ್ದೆ.

ಆ ವಾರ ಪೂರ್ತಿ ಆ ಮನೆಯಲ್ಲಿದ್ದೆ. ಬಿಟ್ಟುಹೋಗಲು ಸ್ವೆಟರ್ ಬಿಚ್ಚಿದರೆ ಸಾಕಿತ್ತು. ಆದರೆ ಹೋಗುವುದು ಎಲ್ಲಿಗೆ, ಏನಂತ? ಒಂದು ಸಲ ಹೊರಗೆ ಹೋಗಿ ಬಿಚ್ಚಿಯೂ ನೋಡಿದೆ. ಹೋಟೆಲಿನವನು ಯಾರಮ್ಮ ಎಂದ, ವಾರಿಜ ಎಂದೆ. “ವಾರಿಜ ನನಗೆ ಗೊತ್ತಲ್ಲಮ್ಮ, ಬಜಾರಿನವಳು. ದಿನಾ ಟೀ ಕುಡಿಯೋಕೆ ಬರ್ತಾಳೆ. ಬೇರೆ ಏನಾದ್ರೂ ಹೇಳು,” ಎಂದು ನಕ್ಕ. ಬೇರೆ ಹೆಸರು ನಾಲಗೆಗೆ ಬರಲಿಲ್ಲ. ಮತ್ತೆ ಗುಂಡಿ ಹಾಕಿಕೊಂಡು ಬಂದು ಅಕ್ಕಿ ತೊಳೆದೆ. ಆಗಾಗ, ನೀಲಕಂಠ ಗುಲಾಬಿ ಎಂದರೆ, ಕೈ ಒರೆಸಿಕೊಳ್ಳುವ ಮುಂಚೆಯೇ ಓ ಎಂದಿರುತ್ತಿದ್ದೆ. ನಿಜವಾಗಿ ಹೆದರಿದ್ದು ಅದಕ್ಕೆ.

ಮುಂದಿನ ವಾರದ ಗುರುವಾರ ಗಂಡಸರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಒಗೆಯಲು ಕೂತೆ. ಹತ್ತು ದಿನದಿಂದ ಅವೇ ನಾಲ್ಕು ಬಟ್ಟೆ. ಬೆವರು, ಒಗ್ಗರಣೆ, ಮಸಿ ಎಲ್ಲ ಸೇರಿ ನಾರುತ್ತಿದ್ದವು. ಗುಲಾಬಿಯ ಟ್ರಂಕು ತೆಗೆದರೆ ಒಳಗೆ ನುಸಿಗುಳಿಗೆ ಬಿಟ್ಟು ಏನೂ ಇಲ್ಲ, ಎಲ್ಲ ಮಾರಿದ್ದಳು. ಉಡಲು ಬೇರೇನೂ ಇರಲಿಲ್ಲ. ಕಿಟಕಿಯ ಪರದೆ ಕಳಚಿದೆ. ಕಿತ್ತಳೆ ಬಣ್ಣದ್ದು, ಮೇಲೆ ಹಸಿರು ಗಿಳಿಗಳು. ಎದೆಯ ಮೇಲಿಂದ ಸುತ್ತಿ, ಹೆಗಲಿಗೆ ರೇಡಿಯೋ ಮೇಲೆ ಹೊದಿಸಿದ್ದ ಕಸೂತಿಯ ಬಟ್ಟೆ ಹಾಕಿ, ಅಕ್ಕಿ ಚೀಲದ ನೂಲಿನಿಂದ ಸೊಂಟಕ್ಕೆ ಬಿಗಿದೆ. ಪರದೆಯ ಹಿತ್ತಾಳೆ ಉಂಗುರಗಳು ಬೆನ್ನ ಮೇಲೆ ಸಾಲಾಗಿ ಬಿದ್ದವು. ಇಂಥ ಹೊತ್ತಿನಲ್ಲೂ ಕೈ ಸುಮ್ಮನಿರಲಿಲ್ಲ. ಗಿಳಿಯ ಮುಖ ಮುಂದೆ ಬರಲಿ ಎಂದು ಎರಡು ಸಲ ಬಿಚ್ಚಿ ಸುತ್ತಿದೆ. ಇದನ್ನು ನೇಯ್ದಾಗಿನಿಂದ ಒಬ್ಬರೂ ಉಟ್ಟಿಲ್ಲ ಎಂದು ಹೊಳೆದದ್ದು ಆಗ.

ನಮ್ಮೂರಲ್ಲಿ ಒಬ್ಬರ ಬಟ್ಟೆಯನ್ನು ಒಂದೇ ತಂತಿಗೆ ಒಣಹಾಕುವುದಿಲ್ಲ. ಎರಡು ಮುಂದೆ, ಎರಡು ಹಿಂದೆ, ಹಾಗೆ. ಅದು ನನಗೆ ಗೊತ್ತು. ಆದರೆ ಆ ಹಿತ್ತಿಲಿನಲ್ಲಿ ಇದ್ದದ್ದು ಒಂದೇ ತಂತಿ, ಮತ್ತು ನನಗೆ ಆ ಬಟ್ಟೆಗಳ ಮೇಲೆ ಯಾವ ಮರ್ಯಾದೆಯೂ ಉಳಿದಿರಲಿಲ್ಲ. ಲಂಗ, ಅದರ ಮೇಲಕ್ಕೆ ಷರ್ಟು, ಷರ್ಟಿನ ಮೇಲೆ ಸ್ವೆಟರ್, ಕೊರಳಿಗೆ ದುಪಟ್ಟಾ, ಹೀಗೆ ಒಂದಕ್ಕೊಂದು ಸಿಕ್ಕಿಸಿ ಪಿನ್ನು ಹಾಕಿ ನೇತುಹಾಕಿದೆ. ನೀರು ಸೋರುತ್ತಿತ್ತು. ಬಚ್ಚಲಿಗೆ ಬಕೆಟ್ಟು ಇಡಲು ಹೋದೆ.

ಅಲ್ಲಿಂದ ಪುಟ್ಟತಾಯಮ್ಮನ ದನಿ ಕೇಳಿತು. ಹಿತ್ತಿಲ ಬಾಗಿಲಲ್ಲಿ ಕೋಲೂರಿ ನಿಂತು ತಂತಿಯ ಕಡೆ ಮಾತಾಡುತ್ತಿದ್ದಳು.

“ಗುಲಾಬಿ, ಸಾಯಂಕಾಲ ನೀಲಕಂಠಂಗೆ ಅವರೆಕಾಳು ಉಪ್ಪಿಟ್ಟು ಮಾಡ್ತೀಯಲ್ಲ? ಕಾಳು ಹಿಚುಕಿಡು. ನನ್ನ ಎಣ್ಣೆ ಎಲ್ಲಿಟ್ಟಿದ್ದೀಯ? ಆಯ್ತು, ಆಮೇಲೆ ಕೊಡು, ಅವಸರ ಇಲ್ಲ.”

ಗಾಳಿಗೆ ಬೀಗದಕೈಗಳು ಕಿಣಿಗುಟ್ಟಿದವು. ಅವಳು ತಲೆಯಾಡಿಸಿದಳು. ಹತ್ತು ದಿನ ನನ್ನ ಜೊತೆ ಆಡಿದ್ದೂ ಇದೇ ಮಾತು, ಇದೇ ದನಿ, ಮಾತಿನ ನಡುವೆ ಬಿಡುತ್ತಿದ್ದ ಜಾಗವೂ ಇಷ್ಟೇ. ಆ ಜಾಗದಲ್ಲಿ ನಾನು ಹೂಂ ಎನ್ನುತ್ತಿದ್ದೆ. ಅನ್ನದಿದ್ದರೂ ಆಗುತ್ತಿತ್ತು ಎಂದು ಈಗ ತಿಳಿಯಿತು.

ಕೈ ಒರೆಸಿಕೊಂಡು ಬಚ್ಚಲಿನಿಂದ ಹೊರಬಂದೆ. ಮುಂಬಾಗಿಲಿಗೆ ಹೋಗಬೇಕಾದರೆ ನಡುಮನೆ ದಾಟಬೇಕು. ಅಷ್ಟರಲ್ಲಿ ಪುಟ್ಟತಾಯಮ್ಮ ವಾಪಸು ಬಂದು ತನ್ನ ಬೆಂಚಿನ ಮೇಲೆ ಕೂತಿದ್ದಳು. ಅವಳು ತ‌ಲೆಯೆತ್ತಿದಳು. ಅವಳ ಕಣ್ಣು ಗಿಳಿಗಳ ತನಕ ಬಂತು, ಅಲ್ಲಿ ನಿಲ್ಲಲಿಲ್ಲ, ಮೇಲೆ ಬಂತು, ಕತ್ತಿಗೆ, ಗಲ್ಲಕ್ಕೆ, ಮುಖಕ್ಕೆ. ಕನ್ನಡಕ ಸರಿಮಾಡಿಕೊಂಡಳು.

“ಯಾರಮ್ಮ ನೀನು?”

ಆ ಮನೆಯಲ್ಲಿ ನನ್ನ ಬಗ್ಗೆ ಯಾರಾದರೂ ಕೇಳಿದ ಮೊದಲನೇ ಪ್ರಶ್ನೆ ಅದು.

“ವಾರಿಜ,” ಎಂದೆ.

ಇಲ್ಲ ಎನ್ನುತ್ತಾಳೆ, ನಗುತ್ತಾಳೆ, ವಾರಿಜ ಬೇರೆ ಇದ್ದಾಳೆ ಎನ್ನುತ್ತಾಳೆ ಎಂದು ಕಾದೆ.

“ವಾರಿಜ,” ಎಂದಳು ಅವಳು, ನಾಲಗೆಯ ಮೇಲೆ ರುಚಿ ನೋಡುವ ಹಾಗೆ. “ಈ ಹೆಸರು ಈಗ ಯಾರೂ ಇಡಲ್ಲ. ಏನಮ್ಮ ಬಟ್ಟೆ ಇದು, ಗಿಳಿ ಹಾರಿಹೋಗೋ ಥರ ಇದೆ! ಬಿಸಿಲಲ್ಲಿ ಬಂದಿದ್ದೀಯ. ಕೂತ್ಕೋ.” ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದಳು. “ಗುಲಾಬೀ, ಯಾರೋ ಬಂದಿದ್ದಾರೆ. ಒಂದು ಲೋಟ ನೀರು ತಗೊಂಡ್ಬಾ.”

ಓ ಎನ್ನಲು ಬಾಯಿ ತೆರೆಯಲಿಲ್ಲ. ಕರೆದದ್ದು ನನ್ನನ್ನಲ್ಲ. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಇಬ್ಬರೂ ಅಡುಗೆಮನೆಯ ಬಾಗಿಲನ್ನೇ ನೋಡಿದೆವು. ಅದರಾಚೆ ತೆರೆದ ಹಿತ್ತಿಲ ಬಾಗಿಲು, ಅದರಾಚೆ ಬಿಸಿಲಿಗೆ ಹೊಳೆಯುವ ತಂತಿ. ತಂತಿಯ ಮೇಲೆ ಪಿನ್ನುಗಳು ಮಾತ್ರ ಇದ್ದವು.

ಒಳಗೆ ಬಿಂದಿಗೆಯ ಮುಚ್ಚಳ ಸರಿದ ಸದ್ದಾಯಿತು. ನೆಲಕ್ಕೆ ಟಪ್ ಟಪ್ ಎಂದು ನೀರು ಸೋರುತ್ತ, ಬೀಗದಕೈ ಕಿಣಿಗುಡುತ್ತ ಇತ್ತ ಬರತೊಡಗಿತು. ಪುಟ್ಟತಾಯಮ್ಮ ಅತ್ತ ನೋಡುವುದು ಬಿಟ್ಟು ನನ್ನ ಕಡೆ ತಿರುಗಿ, ಊರು ಯಾವುದಮ್ಮ, ಏನು ಕೆಲಸ ಮಾಡ್ತೀಯ ಎಂದು ಕೇಳತೊಡಗಿದಳು. ನಾನು ಒಂದೊಂದಕ್ಕೂ ನಿಜವನ್ನೇ ಹೇಳಿದೆ.

ಪಕ್ಕದಿಂದ ಲೋಟ ಬಂತು. ಹೊರಮೈಯೆಲ್ಲ ಒದ್ದೆ. ಕೊಟ್ಟವರ ಕಡೆ ನಾನು ತಲೆಯೆತ್ತಿ ನೋಡಲಿಲ್ಲ. ಆ ಮನೆಯಲ್ಲಿ ಯಾರೂ ನೋಡುವುದಿಲ್ಲ. ಬಾಯಾರಿತ್ತು, ಕುಡಿದೆ. ಕುಡಿದು ಲೋಟವನ್ನು ಕೂತ ಕಡೆಯೇ ಇಟ್ಟು ಎದ್ದೆ.